ಬಣ್ಣ ಹಿಡಿಯದ ನವಿಲು

ಈ ಸಲ ಪಂಚಮಿಗೆ ಊರಿಗೆ ಹೋದಾಗ ಒಂದು ತಪ್ಪು ಮಾಡಿದೆ. ಅರ್ಧ ನಿಮಿಷದ ತಪ್ಪು. ಇಲ್ಲಿ ಹೇಳಿಬಿಡೋಣ ಅನ್ನಿಸಿತು, ಯಾಕಂದ್ರೆ ಇದನ್ನು ಓದ್ತಿರೋ ನಿಮ್ಮ ಕೈಯಲ್ಲೂ ಫೋನ್ ಇದೆ.

ನಮ್ಮ ಗುಳೇದಗುಡ್ಡದಲ್ಲಿ ಪಂಚಮಿ ಅಂದ್ರೆ ಉಂಡಿ, ಅಳ್ಳು, ಜೋಕಾಲಿ. ಬೆಂಗಳೂರಿನ ರಾತ್ರಿ ಬಸ್ಸಿಳಿದು ಬಂದು, ಕೈಯಲ್ಲಿ ಶೇಂಗಾ ಉಂಡಿ ಹಿಡಿದು ಕಟ್ಟೆ ಮೇಲೆ ಕೂತಿದ್ದೆ. ಪಕ್ಕದ ಮನೆಯ ಹುಡುಗ, ಒಂಬತ್ತನೇ ಕ್ಲಾಸು, ಓಡಿ ಬಂದ. "ಅಕ್ಕಾ, ಹೊಲದಾಗ ಬಿಳೇ ನವಿಲ ಬಂದೈತಿ. ಲಗೂನ ಬಾ!"

ಗುಡ್ಡದ ಬುಡದ ಹೆಸರಿನ ಹೊಲ. ನಾಲ್ಕೈದು ಹೆಣ್ಣು ನವಿಲು ಮೇಯ್ತಾ ಇದ್ವು. ನಡುವೆ ಒಂದು ಮಾತ್ರ ಬೇರೆ. ಮೈಯೆಲ್ಲಾ ಬಿಳಿ, ರೆಕ್ಕೆ ಮೇಲೆ ಅಲ್ಲಲ್ಲಿ ಕಂದು ತೇಪೆ, ಕತ್ತಿನಲ್ಲಿ ಇರಬೇಕಾದ ಹಸಿರು ಇಲ್ಲವೇ ಇಲ್ಲ. ಉಳಿದವು ಅದನ್ನು ಬೇರೆ ಅಂತ ನೋಡ್ತಾನೂ ಇರಲಿಲ್ಲ, ಜೊತೆಗೇ ಕಾಳು ಹೆಕ್ಕುತ್ತಿದ್ವು. ನಾನು ವಿಡಿಯೋ ತೆಗೆದೆ. "ನಮ್ಮೂರ ಬಿಳಿ ನವಿಲು" ಅಂತ ಬರೆದು, ಲೊಕೇಶನ್ ಸಮೇತ ಸ್ಟೇಟಸ್‌ಗೆ ಹಾಕಿದೆ. ಅದೇ ಆ ಅರ್ಧ ನಿಮಿಷ.

ಮನೆಗೆ ಬರೋಷ್ಟರಲ್ಲಿ ಫೋನು ಗುಂಯ್‌ಗುಟ್ಟುತ್ತಿತ್ತು. ಒಬ್ಬರಿಗೆ ಅದು ದೇವರ ನವಿಲು, ಇನ್ನೊಬ್ಬರಿಗೆ ರೋಗ ಬಂದ ನವಿಲು. ಅಪ್ಪ ಮಗ್ಗದ ಮೇಲಿದ್ದರು. ನಮ್ಮದು ಖಣ ನೇಯುವ ಮನೆ. ಲಾಳಿ ನಿಲ್ಲಿಸಿ, ಕನ್ನಡಕ ಏರಿಸಿ ವಿಡಿಯೋ ನೋಡಿದರು. "ಲಡಿಗೆ ಬಣ್ಣ ಹಾಕೂ ಮುಂದ ಗಂಟು ಬಿಗಿ ಆಗಿದ್ರ ಅಲ್ಲಿ ಬಣ್ಣ ಇಳಿಯೂದಿಲ್ಲವಾ. ನೂಲೇನು ಕೆಟ್ಟಿರೂದಿಲ್ಲ. ಬಣ್ಣ ಹಿಡದಿಲ್ಲ, ಅಷ್ಟ."

ರಾತ್ರಿ ಕೂತು ಓದಿದಾಗ ಗೊತ್ತಾಯ್ತು, ಅಪ್ಪ ಹೇಳಿದ್ದು ಹೆಚ್ಚುಕಡಿಮೆ ವಿಜ್ಞಾನವೇ. ಮರಿ ಇನ್ನೂ ಮೊಟ್ಟೆಯೊಳಗೆ ಇರುವಾಗ, ಬಣ್ಣ ತಯಾರಿಸುವ ಜೀವಕೋಶಗಳು ಬೆನ್ನುಹುರಿಯ ಕಡೆಯಿಂದ ಹೊರಟು ಚರ್ಮದ ಉದ್ದಗಲಕ್ಕೂ ಹರಡಿಕೊಳ್ಳಬೇಕು. ಅವು ತಲುಪದ ಜಾಗದಲ್ಲಿ ಗರಿ ಬಿಳಿಯಾಗಿ ಹುಟ್ಟುತ್ತದೆ. ಇದಕ್ಕೆ ಲ್ಯೂಸಿಸಂ ಅಂತಾರೆ. ಆಲ್ಬಿನೋ ಅನ್ನೋದು ಬೇರೆ. ಅದರಲ್ಲಿ ಕೋಶಗಳು ಜಾಗಕ್ಕೆ ಬಂದಿರುತ್ತವೆ, ಆದರೆ ಮೆಲನಿನ್ ಎಂಬ ಬಣ್ಣ ಮಾಡಲು ಅವಕ್ಕೆ ಬರೋದಿಲ್ಲ. ಹಾಗಾಗಿ ಕಣ್ಣಲ್ಲೂ ಬಣ್ಣವಿರದೆ, ರಕ್ತನಾಳ ಕಂಡು ಕಣ್ಣು ಕೆಂಪಾಗಿ ತೋರುತ್ತದೆ. ಮೃಗಾಲಯಗಳಲ್ಲಿ ನಾವು ನೋಡುವ ಬಿಳಿ ನವಿಲಿನ ಕಣ್ಣು ಕೆಂಪಲ್ಲ. ಅವು ಆಲ್ಬಿನೋ ಅಲ್ಲ.

ಇನ್ನೊಂದು ಮಜಾ ಸಂಗತಿ. ನವಿಲಿನ ಗರಿಯಲ್ಲಿ ನೀಲಿ ಬಣ್ಣ ಅನ್ನೋದೇ ಇಲ್ಲ. ಮೆಲನಿನ್ನಿನ ಕಡ್ಡಿಗಳು ಅತಿ ಸಣ್ಣ ಅಳತೆಯಲ್ಲಿ ಸಾಲಾಗಿ ಜೋಡಣೆಯಾಗಿ, ಬೆಳಕಿನಿಂದ ನೀಲಿ, ಹಸಿರನ್ನಷ್ಟೇ ತಿರುಗಿಸಿ ಕಳಿಸುತ್ತವೆ. ಖಣದ ಹಾಸು-ಹೊಕ್ಕಿನ ಹಾಗೆ ಅದು ನೇಯ್ಗೆಯ ಚಮತ್ಕಾರ. ಮೆಲನಿನ್ ಇಲ್ಲದಿದ್ದರೆ ಆ ನೇಯ್ಗೆಯೂ ಇಲ್ಲ, ನೀಲಿಯೂ ಇಲ್ಲ.

ಓದುತ್ತಾ ಓದುತ್ತಾ ಅಮೆರಿಕದ ಕಾಡಿಗೂ ಹೋಗಿಬಂದೆ. ಅಲ್ಲಿನ ಕಾಡು ಟರ್ಕಿ ಕೋಳಿ ನಮ್ಮ ನವಿಲಿನ ಕುಟುಂಬದ್ದೇ ಹಕ್ಕಿ. ಅದರ ಮಾಮೂಲಿ ಮೈಬಣ್ಣ ಕಂಚು ಮಿಂಚುವ ಕಂದು. ಆದರೆ ಹಿಂಡಿನಲ್ಲಿ ಆಗೊಮ್ಮೆ ಈಗೊಮ್ಮೆ ಹೊಗೆಬಣ್ಣದ್ದು, ಕೆಂಚು, ಕಡುಗಪ್ಪು ಕೂಡ ಹುಟ್ಟುತ್ತವೆ. ಪೂರ್ತಿ ಬಿಳಿ ಆಲ್ಬಿನೋ ಬಲು ಅಪರೂಪ. ಇವುಗಳಲ್ಲಿ ಹೊಗೆಬಣ್ಣದ್ದೇ ಹೆಚ್ಚು, ಅದೂ ಹೆಚ್ಚಾಗಿ ಹೆಣ್ಣು. ಸಾಕುವ ಟರ್ಕಿ ಬಿಳಿಯಾಗಿರುವುದಕ್ಕೆ ಮಾತ್ರ ಮನುಷ್ಯನೇ ಕಾರಣ. ಕಪ್ಪು ಗರಿ ಕಿತ್ತ ಮೇಲೆ ಚರ್ಮದಲ್ಲಿ ಕಲೆ ಉಳಿಯುತ್ತದೆ, ಗಿರಾಕಿಗೆ ಅದು ಹಿಡಿಸೋದಿಲ್ಲ ಅಂತ ಬಿಳಿಯದನ್ನೇ ಆರಿಸಿ ಆರಿಸಿ ಬೆಳೆಸಿದರು.

ಬಣ್ಣ ಬೇರೆಯಾದರೆ ಜಾತಿಯೇ ಬೇರೆ ಅಂದುಕೊಳ್ಳೋದು ಹಳೇ ಚಾಳಿ. ಇಂಗ್ಲೆಂಡಿನಲ್ಲಿ ಸಾಕಿದ ನವಿಲುಗಳ ನಡುವೆ ಕಪ್ಪು ರೆಕ್ಕೆಯ ನವಿಲು ಹುಟ್ಟಿದಾಗ, 1860ರಲ್ಲಿ ಅದಕ್ಕೊಂದು ಹೊಸ ಜಾತಿಯ ಹೆಸರನ್ನೇ ಇಟ್ಟುಬಿಟ್ಟಿದ್ದರು. ಚಾರ್ಲ್ಸ್ ಡಾರ್ವಿನ್ 1868ರ ತನ್ನ ಪುಸ್ತಕದಲ್ಲಿ, ಅದು ಮಾಮೂಲಿ ನವಿಲಿನಲ್ಲೇ ಇದ್ದಕ್ಕಿದ್ದಂತೆ ಹುಟ್ಟಿದ ಬಣ್ಣಭೇದ ಎಂದು ವಾದಿಸಿದ. ದೇವರ ನವಿಲೂ ಅಲ್ಲ, ರೋಗದ ನವಿಲೂ ಅಲ್ಲ ಅಂತ ಇದನ್ನೆಲ್ಲ ನಮ್ಮ ಗ್ರೂಪಿಗೆ ಬರೆದು ಹಾಕಿ ಮಲಗಿದೆ. ಭಾರೀ ಕೆಲಸ ಮಾಡಿದೆ ಅನ್ನೋ ಸಮಾಧಾನ ಬೇರೆ.

ಮರುದಿನ ಬೆಳಿಗ್ಗೆ ಹೊಲದ ಬದುವಿನ ಮೇಲೆ ಹತ್ತು ಬೈಕ್. ಯಾರೂ ಕೆಟ್ಟವರಲ್ಲ, ನನ್ನ ಹಾಗೇ ಫೋನ್ ಹಿಡಿದವರು. ಒಬ್ಬ ಚೆನ್ನಾಗಿ ಕಾಣಲಿ ಅಂತ ಹತ್ತಿರ ಹೋದ, ಹಿಂದೆ ಒಂದು ನಾಯಿ ಓಡಿತು. ಬೆಳೆಯೂ ತುಳಿದುಹೋಯಿತು. ಇನ್ನೊಬ್ಬ ನಮ್ಮ ಹುಡುಗನ ಕಿವಿಯಲ್ಲಿ, ಹಿಡಿದುಕೊಟ್ಟರೆ ಇಷ್ಟು ರೊಕ್ಕ ಕೊಡ್ತೀನಿ ಅಂದನಂತೆ. ನವಿಲು 1963ರಿಂದ ನಮ್ಮ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಹಿಡಿದರೆ, ಕೊಂದರೆ ಮೂರರಿಂದ ಏಳು ವರ್ಷ ಜೈಲು. ಬಿಳಿಯಿರಲಿ, ನೀಲಿಯಿರಲಿ, ಕಾಯ್ದೆಗೆ ಎಲ್ಲಾ ಒಂದೇ. ಹುಡುಗ ಒಪ್ಪಲಿಲ್ಲ, ಪುಣ್ಯ. ಆದರೆ ಆ ಹಿಂಡು ಮತ್ತೆ ಆ ಹೊಲಕ್ಕೆ ಬರಲಿಲ್ಲ.

ನನ್ನ ಹೊಟ್ಟೆಯೊಳಗೆ ಕೂತ ಸಂಗತಿ ಇನ್ನೊಂದು. ಹೆಣ್ಣು ನವಿಲು ಮೊಟ್ಟೆ ಇಡೋದು ನೆಲದ ಮೇಲೆ, ಪೊದೆಯ ಮರೆಯಲ್ಲಿ. ಸುಮಾರು 28 ದಿನ ಒಂದೇ ಕಡೆ ಕಾವು ಕೂರಬೇಕು. ಕಾಡು ಟರ್ಕಿಯ ಲೆಕ್ಕವೂ ಸುಮಾರಾಗಿ ಅಷ್ಟೇ. ಆಗ ಅದನ್ನು ಕಾಯೋದು ಆ ಮಣ್ಣಿನ ಬಣ್ಣವೊಂದೇ. ನಾವು ಡಲ್ ಅಂತೀವಲ್ಲ, ಅದೇ ಕಂದು. ಬಿಳಿ ಹೆಣ್ಣಿಗೆ ಆ ಮರೆಯೂ ಇಲ್ಲ. ಮೆಲನಿನ್ ಇಲ್ಲದ ಗರಿ ಬೇಗ ಸವೆಯುತ್ತದೆ ಕೂಡ. ನಾಯಿ, ನರಿ, ಹದ್ದಿನ ಕಣ್ಣು ತಪ್ಪಿಸಿ ಅದು ಅಷ್ಟು ದೊಡ್ಡದಾಗಿದ್ದೇ ದೊಡ್ಡದು. ಅಂಥದರ ವಿಳಾಸವನ್ನು ನಾನು ಮುನ್ನೂರು ಜನಕ್ಕೆ ಕೊಟ್ಟೆ.

ಸ್ಟೇಟಸ್ ಅಳಿಸಿದೆ. ಅಳಿಸೋ ಹೊತ್ತಿಗೆ ಅದು ಯಾವ್ಯಾವ ಊರಿನ ಗ್ರೂಪಿಗೆ ಹೋಗಿತ್ತೋ. ಈಗ ಅಪರೂಪದ್ದು ಏನು ಕಂಡರೂ ನಾನು ಮೂರು ಕೆಲಸ ಮಾಡ್ತೀನಿ: ಫೋನಿನ ಲೊಕೇಶನ್ ಆಫ್, ದೂರದಿಂದಲೇ ಒಂದು ಫೋಟೋ, ಜಾಗದ ಹೆಸರು ಕೇಳಿದರೆ ಜಿಲ್ಲೆಯ ಹೆಸರಷ್ಟೇ. ಯಾರಾದರೂ ಹಿಡಿಯಲು ನೋಡಿದರೆ ಅರಣ್ಯ ಇಲಾಖೆಗೆ ಫೋನ್. ಇಲ್ಲೂ ಹೊಲ ಯಾವ ದಿಕ್ಕಿಗೆ ಅಂತ ಬರೆದಿಲ್ಲ, ಗಮನಿಸಿರಬಹುದು.

ಹೋದ ವಾರ ಹುಡುಗನಿಂದ ಫೋನ್ ಬಂತು. "ಅಕ್ಕಾ, ಅದು ಮತ್ತ ಕಾಣಿಸ್ತು."

"ಹೌದಾ? ಎಲ್ಲಿ?" ಬಾಯಿಗೆ ಬಂದೇಬಿಟ್ಟಿತು.

ಆ ಕಡೆ ಒಂದು ಗಳಿಗೆ ಮಾತಿಲ್ಲ. ಆಮೇಲೆ ನಕ್ಕ. "ಹೇಳಂಗಿಲ್ಲ ಬಿಡಕ್ಕಾ."