ಸಹಿ ಒಬ್ಬರದು, ಕೆಲಸ ಇನ್ನೊಬ್ಬರದು, ಸಾವು ಮತ್ಯಾರದೋ

“ಬಟ್ಟೆ ಒಣಹಾಕುವಾಗ ವಿದ್ಯುತ್ ಸ್ಪರ್ಶಿಸಿ ಮಹಿಳೆ ಸಾವು.” ಹತ್ತು ವರ್ಷದ ಸ್ಟ್ರಿಂಗರ್ ಕೆಲಸದಲ್ಲಿ ಈ ಸಾಲನ್ನು ಸ್ವಲ್ಪ ಆಚೀಚೆ ಮಾಡಿ ಎಷ್ಟು ಸಲ ಕಳಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಠಾಣೆಗೊಂದು ಫೋನ್. ಹೆಸರು, ವಯಸ್ಸು, ಊರು, ಕೊನೆಗೆ ‘ಪ್ರಕರಣ ದಾಖಲಾಗಿದೆ’. ನಾಲ್ಕು ಸಾಲು ಮುಗಿಯಿತು. ಆ ಮನೆಗೆ ವೈರಿಂಗ್ ಮಾಡಿದವರು ಯಾರು ಅಂತ ಒಮ್ಮೆಯೂ ಕೇಳಿರಲಿಲ್ಲ.

ಕೇಳಬೇಕಿತ್ತು ಅಂತ ಅನ್ನಿಸಿದ್ದು ನಮ್ಮದೇ ಮನೆ ಕಟ್ಟಿಸಿದಾಗ. ವೈರಿಂಗ್ ಮಾಡಿದ್ದು ನಮ್ಮೂರ ಹುಡುಗ. ಚುರುಕು ಕೈ, ಪಾಯಿಂಟ್ ಲೆಕ್ಕದಲ್ಲಿ ಕೂಲಿ. ಮೀಟರ್‌ಗೆ ಅರ್ಜಿ ಹಾಕುವ ಹೊತ್ತಿಗೆ, “ಅಣ್ಣ, ಲೈಸೆನ್ಸ್ ಇರೋರ ಸಹಿ ಬೇಕು. ಎರಡು ಸಾವಿರ ಕೊಡಿ, ನಾನೇ ಹಾಕಿಸ್ಕೊಂಡು ಬರ್ತೀನಿ” ಅಂದ. ಮಾರನೇ ದಿನ ಕಾಗದ ಬಂತು. ವೈರಿಂಗ್ ಪರೀಕ್ಷಿಸಿದ್ದೇವೆ, ಅರ್ಥಿಂಗ್ ಸರಿಯಿದೆ ಅಂತ ಅದರಲ್ಲಿತ್ತು. ಸಹಿ ಹಾಕಿದ ಗುತ್ತಿಗೆದಾರರು ನಮ್ಮ ಓಣಿಗೇ ಕಾಲಿಟ್ಟವರಲ್ಲ. ಅರ್ಥಿಂಗ್ ಗುಂಡಿಯನ್ನು ನಾವಿನ್ನೂ ತೋಡಿಸಿಯೇ ಇರಲಿಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಇಟ್ಟುಕೊಂಡ ನಾನು ಆ ಸುಳ್ಳು ಕಾಗದಕ್ಕೆ ಬಾಯಿಮುಚ್ಚಿಕೊಂಡು ದುಡ್ಡು ಕೊಟ್ಟೆ.

ಕಾನೂನು ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 45ನೆಯದೇ ಇದು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿ ಅದನ್ನು ಮುಂದುವರಿಸಿತು. 2023ರಲ್ಲಿ ಹೊಸದು ಬಂದಾಗಲೂ ಅದು ಉಳಿಯಿತು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವುದಕ್ಕೆ ವಿನಾಯಿತಿ ಇದೆ. ಹೊಸ ವೈರಿಂಗ್‌ಗೆ ಮಾತ್ರ ಮೂವರು ಬೇಕು: ಲೈಸೆನ್ಸ್ ಇರುವ ಗುತ್ತಿಗೆದಾರ, ಮುಂದೆ ನಿಂತು ಮಾಡಿಸುವ ಅರ್ಹ ಸೂಪರ್‌ವೈಸರ್, ಪರ್ಮಿಟ್ ಇರುವ ವೈರ್‌ಮನ್. ನಮ್ಮ ಹಳ್ಳಿಗಳಲ್ಲಿ ಈ ಮೂವರ ಜಾಗದಲ್ಲಿ ಇರುವುದು ಒಬ್ಬ ಹುಡುಗ ಮತ್ತು ಒಂದು ರಬ್ಬರ್ ಸ್ಟ್ಯಾಂಪು.

ಕಾಗದದ ಮೇಲಿನ ಅರ್ಥಿಂಗ್ ಯಾರ ಜೀವವನ್ನೂ ಉಳಿಸುವುದಿಲ್ಲ. ಗೀಸರ್‌ನದೋ ಮೋಟಾರ್‌ನದೋ ಲೋಹದ ಮೈಗೆ ಕರೆಂಟ್ ಇಳಿದಾಗ, ಅರ್ಥಿಂಗ್ ಇದ್ದರೆ ಅದಕ್ಕೆ ನೆಲಕ್ಕೆ ಹೋಗಲು ದಾರಿ ಇರುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿ. ಎಂಸಿಬಿ ಇದೆಯಲ್ಲ ಅನ್ನುತ್ತೀರಾ? 16 ಆಂಪಿಯರ್‌ನ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಹೆಚ್ಚು ಕರೆಂಟ್ ಹರಿಯಬೇಕು. ಮನುಷ್ಯ ಸಾಯಲು ಒಂದು ಆಂಪಿಯರ್‌ನ ಹತ್ತನೇ ಒಂದು ಭಾಗ ಸಾಕು. 30 ಮಿಲಿ ಆಂಪಿಯರ್ ಸೋರಿದರೂ ಲೈನ್ ಕಡಿಯುವ ಆರ್‌ಸಿಸಿಬಿ ಬೇಕಾಗುವುದು ಇದಕ್ಕೇ. ಇದನ್ನು ನನಗೆ ಹೇಳಿಕೊಟ್ಟದ್ದು ನಿವೃತ್ತರಾದ ಒಬ್ಬ ಐಟಿಐ ಮೇಷ್ಟ್ರು. ಎರಡು ಸಾವಿರ ತಗೊಂಡವರು ಹೇಳಬೇಕಿತ್ತು.

“ಲೈಸೆನ್ಸ್ ಅಂತ ಬಿಗಿ ಮಾಡಿದರೆ ಬಡ ಹುಡುಗರ ಹೊಟ್ಟೆ ಮೇಲೆ ಹೊಡೆದ ಹಾಗೆ” ಅನ್ನುವವರಿದ್ದಾರೆ. ಈಗ ತುಂಬುತ್ತಿರುವುದು ಯಾರ ಹೊಟ್ಟೆ? ಗೋಡೆ ಕೊರೆದು ಪೈಪು ಹುಗಿಯುವ ಹುಡುಗನ ಹೆಸರು ಯಾವ ಕಾಗದದಲ್ಲೂ ಇಲ್ಲ. ನಾಳೆ ಕೆಲಸದಲ್ಲಿ ಅವನಿಗೇ ಶಾಕ್ ಹೊಡೆದರೆ, ಅವನು ಅಲ್ಲಿ ಕೆಲಸಕ್ಕಿದ್ದ ಅನ್ನುವುದಕ್ಕೂ ದಾಖಲೆ ಇಲ್ಲ. ಕೂತಲ್ಲೇ ಸಹಿ ಮಾರುವವರಿಗೆ ಮಾತ್ರ ಲೈಸೆನ್ಸ್ ಒಂದು ಆದಾಯ. ನಿಯಮವನ್ನು ಸಡಿಲಿಸಿ ಅಂತ ಕೇಳುವವರು ಹುಡುಗನ ಪರವಾಗಿ ಮಾತಾಡುತ್ತಿಲ್ಲ, ಈ ಸಹಿ ವ್ಯಾಪಾರದ ಪರವಾಗಿ ಮಾತಾಡುತ್ತಿದ್ದಾರೆ.

ಹುಡುಗನ ಪರವಾಗಿ ಏನಾದರೂ ಮಾಡುವುದಾದರೆ ಹೀಗೆ ಮಾಡಿ. ಐದಾರು ವರ್ಷ ಕೈಕೆಲಸ ಮಾಡಿದವರಿಗೆ ತಾಲ್ಲೂಕಿನ ಐಟಿಐಯಲ್ಲೇ, ಕನ್ನಡದಲ್ಲೇ, ಕೆಲಸ ಮಾಡಿಸಿ ನೋಡುವ ಪರೀಕ್ಷೆ ಇಡಿ. ಪಾಸಾದವರಿಗೆ ಪರ್ಮಿಟ್ ಕೊಡಿ, ಫೇಲಾದವರಿಗೆ ಎಲ್ಲಿ ತಪ್ಪಿತು ಅಂತ ಕಲಿಸಿ. ಮೀಟರ್ ಬೋರ್ಡ್ ಮೇಲೆ ಕೆಲಸ ಮಾಡಿದವನ ಹೆಸರು, ಸಹಿ ಹಾಕಿದವರ ಹೆಸರು, ಇಬ್ಬರ ನಂಬರೂ ಇರಲಿ. ‘ಅರ್ಥಿಂಗ್ ಸರಿಯಿದೆ’ ಅನ್ನುವ ಸಿದ್ಧ ವಾಕ್ಯ ತೆಗೆದುಹಾಕಿ, ಅಳತೆ ಮಾಡಿದಾಗ ಎಷ್ಟು ಓಮ್ ಬಂತು ಅಂತ ಬರೆಸಿ. ಅದರ ಪ್ರತಿ ಮನೆಯವರ ಕೈಗೂ ಸಿಗಲಿ. 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಮಿತಿಯೊಳಗೆ ಕರೆಂಟ್ ಪುಕ್ಕಟೆ ಕೊಡುವ ಸರ್ಕಾರಕ್ಕೆ, ಆ ಕರೆಂಟ್ ಹರಿಯುವ ತಂತಿಯನ್ನು ಒಮ್ಮೆ ಪರೀಕ್ಷೆ ಮಾಡಿಸುವುದು ದೊಡ್ಡ ಖರ್ಚಲ್ಲ.

ಇನ್ನು ನಮ್ಮ ಪಾಲಿನ ತಪ್ಪು. ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಕರೆಂಟ್ ಹೊಡೆದು ಸಾಯುತ್ತಾರೆ ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ಹೇಳುತ್ತವೆ. ಇಂಥ ಸಾವುಗಳ ಬಗ್ಗೆ ವಿದ್ಯುತ್ ಪರಿವೀಕ್ಷಕರಿಂದ ವಿಚಾರಣೆ ಮಾಡಿಸಲು 2003ರ ವಿದ್ಯುತ್ ಕಾಯ್ದೆಯ 161ನೇ ಕಲಂನಲ್ಲಿ ಅವಕಾಶವಿದೆ. ಆ ವರದಿ ಏನು ಹೇಳಿತು ಅಂತ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿದವರು ನಮ್ಮಲ್ಲಿ ಎಷ್ಟು ಮಂದಿ? ನಾನಂತೂ ಹಾಕಿಲ್ಲ. ‘ವಿದ್ಯುತ್ ಸ್ಪರ್ಶಿಸಿ’ ಅಂತ ಬರೆದು, ಸಾವಿಗೆ ವಿದ್ಯುತ್ತೇ ಕಾರಣ ಅನ್ನುವ ಹಾಗೆ ಮಾಡಿಬಿಟ್ಟಿದ್ದೇವೆ.

ಮನೆಯ ಗುಂಡಿ ಆಮೇಲೆ ತೋಡಿಸಿದೆ, ಆರ್‌ಸಿಸಿಬಿಯನ್ನೂ ಹಾಕಿಸಿದೆ. ಅದು ನನ್ನೊಬ್ಬನ ಮನೆ. ಗೆಳೆಯರೇ, ಮುಂದಿನ ಸಲ ಠಾಣೆಗೆ ಫೋನ್ ಮಾಡಿದಾಗ ಇನ್ನೆರಡು ಪ್ರಶ್ನೆ ಕೇಳಿ: ವೈರಿಂಗ್ ಮಾಡಿದ್ದು ಯಾರು? ಸಹಿ ಹಾಕಿದ್ದು ಯಾರು? ಉತ್ತರ ಸಿಗದಿದ್ದರೆ, ಸಿಗಲಿಲ್ಲ ಅಂತಲೇ ಐದನೇ ಸಾಲಾಗಿ ಬರೆದು ಕಳಿಸಿ.