ಎದೆಗೂಡಿನಲ್ಲಿ ತಂತಿಯ ಪರೀಕ್ಷೆ

ಕೊಳ್ಳೇಗಾಲ, ಯಳಂದೂರು ಸೀಮೆಯ ರೇಷ್ಮೆ ಸಾಕಣೆದಾರರಿಗೆ ಒಂದು ಕಟ್ಟಳೆ ಚೆನ್ನಾಗಿ ಗೊತ್ತು. ಬೀಡಿ ಸೇದಿದ ಕೈಯಲ್ಲಿ, ಹೊಗೆಸೊಪ್ಪು ತಿಕ್ಕಿದ ಕೈಯಲ್ಲಿ ಹುಳುವಿಗೆ ಸೊಪ್ಪು ಹಾಕುವಂತಿಲ್ಲ. ತಂಬಾಕಿನ ಹೊಲಕ್ಕೆ ಹತ್ತಿರದಲ್ಲಿ ಹಿಪ್ಪುನೇರಳೆ ನೆಡಬೇಡಿರೆಂದು ರೇಷ್ಮೆ ತಜ್ಞರೂ ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಕಾರಣ ನಿಕೋಟಿನ್. ಅದರ ಸೋಂಕು ತಗುಲಿದ ಸೊಪ್ಪನ್ನು ತಿಂದ ಹುಳು ಮೇವು ಬಿಡುತ್ತದೆ, ತಲೆಯೆತ್ತಿ ನಿಲ್ಲುತ್ತದೆ, ಕಂದು ರಸ ಕಕ್ಕುತ್ತದೆ, ಮೈ ಮುದುಡಿ ಸಾಯುತ್ತದೆ. ಗೂಡಿನ ಮಾರುಕಟ್ಟೆಯನ್ನೇ ನಂಬಿ ಬದುಕುವ ಮನೆಗೆ ಇದನ್ನು ಯಾವ ಪ್ರಯೋಗಾಲಯವೂ ಕಲಿಸಿಕೊಡಬೇಕಾಗಿಲ್ಲ.

ಅದೇ ಮನೆಯ ಹುಡುಗನೊಬ್ಬ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಓದಲು ಹೋಗಿ, ಅದೇ ನಿಕೋಟಿನ್ನಿಗೆ ಮಾವಿನ ಪರಿಮಳ ಬೆರೆಸಿ, ಹತ್ತಿಯ ಬತ್ತಿಗೆ ಹನಿಸಿ, ಕಾದ ತಂತಿಯ ಮೂಲಕ ಎದೆಗೆ ಎಳೆದುಕೊಳ್ಳುವುದನ್ನು ಕಲಿತರೆ ಅದಕ್ಕೆ ‘ಹವ್ಯಾಸ’ವೆಂಬ ಗೌರವದ ಹೆಸರು ದೊರೆಯುತ್ತದೆ. ಇ-ಸಿಗರೇಟು ಅಥವಾ ವೇಪ್ ಎನ್ನುವ ಈ ಸಾಧನದಲ್ಲಿ ಎರಡು ಬಗೆ. ಸೇದಿ ಎಸೆಯುವುದು ಒಂದು. ಬಿಚ್ಚಿ ಮತ್ತೆ ಕಟ್ಟುವುದು ಇನ್ನೊಂದು. ಅದರಲ್ಲಿ ಕಾಯಿಲನ್ನು ಬಳಸುವವನೇ ಸುತ್ತಿಕೊಳ್ಳುತ್ತಾನೆ. ತಿರುಪುಳಿಯ ಕಡ್ಡಿಗೆ ಐದಾರು ಸುತ್ತು ತಂತಿ ಹಾಕಿ, ಎರಡು ತುದಿಗಳನ್ನು ಎರಡು ಗೂಟಗಳಿಗೆ ಬಿಗಿದು, ನಡುವೆ ಹತ್ತಿ ತೂರಿಸಿದರೆ ಕೆಲಸ ಮುಗಿಯಿತು. ಆದರೆ ಹವ್ಯಾಸ ಅಷ್ಟಕ್ಕೆ ನಿಲ್ಲುವುದಿಲ್ಲ. ಎರಡೆಳೆ ಹೊಸೆದ ಕಾಯಿಲ್, ವೀಣೆಯ ಮಂದ್ರ ತಂತಿಯಂತೆ ದಪ್ಪ ತಂತಿಯ ಮೇಲೆ ಸಣ್ಣ ತಂತಿ ಸುತ್ತಿದ ‘ಕ್ಲಾಪ್ಟನ್’ ಕಾಯಿಲ್, ಜಾಲರಿಯ ಕಾಯಿಲ್ ಎಂದು ಅದು ಬೆಳೆಯುತ್ತದೆ. ಕಾಂಥಾಲ್, ನಿಕ್ರೋಮ್ ಬೇಸರವಾದರೆ ಶುದ್ಧ ನಿಕಲ್, ಟೈಟೇನಿಯಂ, ಸ್ಟೇನ್‌ಲೆಸ್ ಉಕ್ಕು. ಅವೂ ಸಿಕ್ಕದಿದ್ದರೆ ಕೈಗೆ ಸಿಕ್ಕ ಯಾವುದೋ ತಂತಿ. ಹೊಸ ಸುರುಳಿ, ಹೊಸ ರುಚಿ, ಇನ್ನಷ್ಟು ದಟ್ಟ ಹೊಗೆ!

ತಂತಿ ಸುತ್ತುವ ಕೈಚಳಕವನ್ನು ಹೀಗಳೆಯುವುದು ಈ ಬರಹದ ಉದ್ದೇಶವಲ್ಲ. ಪಂಪ್‌ಸೆಟ್ ಮೋಟಾರು ಸುಟ್ಟಾಗ ಕೊಳ್ಳೇಗಾಲಕ್ಕೋ ಹನೂರಿಗೋ ಹೊತ್ತು ತಂದರೆ ಎಳೆಯೆಳೆಯಾಗಿ ವೈಂಡಿಂಗ್ ಮಾಡಿಕೊಡುವ ಕೈಗಳು ಇಲ್ಲದಿದ್ದರೆ ಈ ಭಾಗದ ಬೇಸಾಯ ಎಂದೋ ಒಣಗುತ್ತಿತ್ತು. ಆ ಕೈಗಳು ತಂತಿಯ ಗೇಜು ನೋಡುತ್ತವೆ, ಸುತ್ತು ಎಣಿಸುತ್ತವೆ, ಮೀಟರು ಹಿಡಿದು ಪರೀಕ್ಷಿಸುತ್ತವೆ. ತಪ್ಪಿದರೆ ಸುಡುವುದು ಮೋಟಾರು.

ನಿಕ್ರೋಮ್ ಎಂಬ ಮಿಶ್ರಲೋಹಕ್ಕೆ ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟು ಪಡೆದನು. ಸುಮಾರು ಎಂಬತ್ತು ಪಾಲು ನಿಕಲ್, ಇಪ್ಪತ್ತು ಪಾಲು ಕ್ರೋಮಿಯಂ. ಕೆಂಪಗೆ ಕಾದರೂ ಬೇಗ ಸವೆಯದ ಈ ತಂತಿಯಿಂದ ವಿದ್ಯುತ್ ಒಲೆ, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಉಪಕರಣ ಎಲ್ಲವೂ ಬಂದವು. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಕೂಡಿದ ಕಾಂಥಾಲ್ ಸ್ವೀಡನ್ನಿನದು; ಅದೂ ಕುಲುಮೆಗಾಗಿ ಹುಟ್ಟಿದ್ದು. ಈ ಲೋಹಗಳ ಗುಣವನ್ನು ಒರೆಗೆ ಹಚ್ಚಿದವರು ಕೇಳಿದ ಪ್ರಶ್ನೆ ಒಂದೇ: ಎಷ್ಟು ಕಾಲ ಬಾಳುತ್ತದೆ? ಒಲೆಯ ಕಾಯಿಲಿಗೆ ಎರಡು ಬೆರಳು ಅಂತರದಲ್ಲಿ ಬಾಯಿಟ್ಟು, ಗ್ಲಿಸರಿನ್ನಿನಲ್ಲಿ ಅದನ್ನು ಅದ್ದಿ, ದಿನಕ್ಕೆ ನೂರಾರು ಬಾರಿ ಉಸಿರೆಳೆದರೆ ಏನಾಗುತ್ತದೆಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೇಳುವ ಕಾರಣವೂ ಇರಲಿಲ್ಲ.

ಆ ಪ್ರಶ್ನೆಯನ್ನು ತಡವಾಗಿ ಕೇಳಲಾಯಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 56 ಬಳಕೆದಾರರ ಸಾಧನಗಳನ್ನು ಪರೀಕ್ಷಿಸಿದರು. ಸೀಸೆಯಲ್ಲಿದ್ದ ದ್ರವ, ಸಾಧನದೊಳಗೆ ಕಾಯಿಲಿಗೆ ತಾಗಿ ನಿಂತ ದ್ರವ, ಹೊರಬಂದ ಆವಿ ಮೂರನ್ನೂ ಹೋಲಿಸಿದರು. ಸೀಸೆಯ ದ್ರವದಲ್ಲಿ ಅತ್ಯಲ್ಪವಾಗಿದ್ದ ಸೀಸ, ಕ್ರೋಮಿಯಂ, ನಿಕಲ್, ಸತುಗಳು ಆವಿಯಲ್ಲಿ ಎಷ್ಟೋ ಪಟ್ಟು ಹೆಚ್ಚಾಗಿದ್ದವು. ದ್ರವದಲ್ಲಿ ಇಲ್ಲದ ಲೋಹ ಆವಿಗೆ ಎಲ್ಲಿಂದ ಬರಬೇಕು? ಕಾಯಿಲಿನಿಂದ, ಅದರ ಸುತ್ತಲಿನ ಲೋಹದ ಭಾಗಗಳಿಂದ. ನಿಕಲ್ ಸಂಯುಕ್ತಗಳನ್ನೂ ಕ್ರೋಮಿಯಂನ ಆರು ವೇಲೆನ್ಸಿಯ ರೂಪವನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಆ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ಹವ್ಯಾಸಿಗಳು ಅದನ್ನೇ ಮುಖ್ಯವಾಗಿ ಓದಬೇಕು. ಕಾಯಿಲನ್ನು ಪದೇಪದೇ ಬದಲಿಸುವವರ ಆವಿಯಲ್ಲಿ ಲೋಹ ಹೆಚ್ಚಾಗಿ ಕಂಡುಬಂದಿತು. ಹೊಸ ಕಾಯಿಲು ಹೆಚ್ಚು ಲೋಹ ಬಿಡುತ್ತದೆಯೆಂಬ ಸೂಚನೆಯಿದು. ಹಾಗಾದರೆ ವಾರಕ್ಕೊಂದು ಹೊಸ ಸುರುಳಿ ಸುತ್ತಿ ರುಚಿ ನೋಡುವವನು ಯಾವ ಸಾಲಿನಲ್ಲಿ ನಿಂತಿದ್ದಾನೆ?

‘ಕ್ಲಾಪ್ಟನ್’ ಸುರುಳಿಯ ಆಕರ್ಷಣೆಯೇ ಅದರ ಮೈಯ ವಿಸ್ತಾರ. ದ್ರವ ತಾಗುವ ಲೋಹ ಹೆಚ್ಚಾದಷ್ಟೂ ಆವಿ ಹೆಚ್ಚು. ಲೋಹ ದ್ರವಕ್ಕೆ ಇಳಿಯುವ ದಾರಿಯೂ ಅಷ್ಟೇ ಅಗಲ. ಟೈಟೇನಿಯಂ ತಂತಿಯನ್ನು ಕೆಂಪಗೆ ಕಾಯಿಸಿದರೆ ಅದರ ಮೇಲೆ ಬಿಳಿಯ ಆಕ್ಸೈಡ್ ಪುಡಿ ಕಟ್ಟುತ್ತದೆ. ಬೇಲಿಗೆ ಬಿಗಿಯುವ ತಂತಿಗೆ ಸತುವಿನ ಲೇಪವಿರುತ್ತದೆ. ಅಂಥ ತಂತಿಯನ್ನು ಕಾಯಿಸಿದ ಹೊಗೆಯನ್ನು ಉಸಿರಾಡಿದರೆ ಬರುವ ಚಳಿಜ್ವರ ವೆಲ್ಡಿಂಗ್ ಕೆಲಸದವರಿಗೆ ಹಳೆಯ ಪರಿಚಯ. ಆದರೂ ‘ಸ್ವಚ್ಛಗೊಳಿಸುವ’ ನೆವದಲ್ಲಿ ಕಾಯಿಲನ್ನು ಬತ್ತಿಯಿಲ್ಲದೆ ಕೆಂಪಗೆ ಸುಡುವುದು ಈ ಹವ್ಯಾಸದ ನಿತ್ಯಕರ್ಮ.

ಇನ್ನು ವಿದ್ಯುತ್ತಿನ ಲೆಕ್ಕ. ಪೂರ್ತಿ ಚಾರ್ಜ್ ಆದ ಲಿಥಿಯಂ ಸೆಲ್ಲಿನ ಒತ್ತಡ 4.2 ವೋಲ್ಟ್. ಹವ್ಯಾಸಿಗಳು ಮೆಚ್ಚುವ 0.2 ಓಮ್ ಕಾಯಿಲನ್ನು ಅದಕ್ಕೆ ನೇರವಾಗಿ ಜೋಡಿಸಿದರೆ ಹರಿಯುವ ಪ್ರವಾಹ 21 ಆಂಪಿಯರ್. ಒಂದು ಸಾವಿರ ವಾಟ್ ಇಸ್ತ್ರಿ ಪೆಟ್ಟಿಗೆ ಮನೆಯ ತಂತಿಯಿಂದ ಎಳೆಯುವುದು ನಾಲ್ಕು ಆಂಪಿಯರಿಗೆ ತುಸು ಹೆಚ್ಚು! ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿದ ಸೆಲ್ಲು ಇಂಥ ಹೊರೆಗಾಗಿ ಮಾಡಿದ್ದಲ್ಲ. ಸುತ್ತಿನಲ್ಲಿ ಒಂದೆರಡು ಕಡಿಮೆಯಾದರೆ, ತಂತಿಯ ತುದಿ ಲೋಹದ ಗೋಡೆಗೆ ತಾಗಿದರೆ ಸೆಲ್ಲು ಮೂತಿಯ ಮುಂದೆಯೇ ಸಿಡಿಯುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ 2018ರಲ್ಲಿಯೂ ಟೆಕ್ಸಾಸಿನಲ್ಲಿ 2019ರಲ್ಲಿಯೂ ವೇಪ್ ಸಿಡಿದು ಒಬ್ಬೊಬ್ಬರು ಪ್ರಾಣ ಕಳೆದುಕೊಂಡರು.

‘ಇದು ವಿಜ್ಞಾನದ ಪ್ರಯೋಗ’ ಎಂಬ ಸಮರ್ಥನೆ ಕೇಳಿಬರುತ್ತದೆ. ಪ್ರಯೋಗವೆಂದರೆ ಅಳತೆ ಬೇಕು. ರಾಗಿಯ ಹೊಸ ತಳಿಯೊಂದನ್ನು ರೈತರ ಕೈಗೆ ಕೊಡುವ ಮುನ್ನ ಹಳೆಯ ತಳಿಯ ಪಕ್ಕದಲ್ಲಿ ಬಿತ್ತಿ, ಮರುಬಿತ್ತಿ, ವರ್ಷಗಟ್ಟಲೆ ತೂಗಿ ನೋಡುತ್ತಾರೆ. ಇಲ್ಲಿ ಅಳೆಯುವ ಸಾಧನ ನಾಲಗೆ ಮತ್ತು ಗಂಟಲು. ದಾಖಲೆ ಇಲ್ಲ, ಹೋಲಿಕೆ ಇಲ್ಲ. ಪರೀಕ್ಷೆಗೊಳಗಾದ ಪ್ರಾಣಿಯೂ ಪರೀಕ್ಷಕನೂ ಒಬ್ಬನೇ.

ನ್ಯಾಯವಾಗಿ ಒಂದು ಮಾತನ್ನು ಒಪ್ಪಬೇಕು. ಅಧಿಕ ವೋಲ್ಟೇಜಿನಲ್ಲಿ ವೇಪ್ ಆವಿ ಫಾರ್ಮಾಲ್ಡಿಹೈಡ್ ಹೊರಡಿಸುತ್ತದೆಂದು 2015ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರು ತೋರಿಸಿದಾಗ, ಬತ್ತಿ ಒಣಗಿ ಅಷ್ಟು ಕಾದರೆ ಹೊಗೆಯ ಕಟು ರುಚಿಗೆ ಯಾರೂ ಸೇದಲಾರರೆಂದು ವಿರೋಧಿಗಳು ಉತ್ತರಿಸಿದರು. ಆ ಉತ್ತರದಲ್ಲಿ ಹುರುಳಿತ್ತು. ಕಡಿಮೆ ವೋಲ್ಟೇಜಿನಲ್ಲಿ ಅದೇ ರಸಾಯನಶಾಸ್ತ್ರಜ್ಞರಿಗೆ ಆ ವಿಷ ಕಂಡಿರಲಿಲ್ಲ. ಗಂಟಲು ಕಾವಲುಗಾರನೆಂಬ ಈ ವಾದ ಫಾರ್ಮಾಲ್ಡಿಹೈಡಿಗೆ ಸಲ್ಲಬಹುದು. ನಿಕಲ್ಲಿಗೂ ಸೀಸಕ್ಕೂ ಸಲ್ಲದು. ಆವಿಯಲ್ಲಿರುವ ಅತಿಸೂಕ್ಷ್ಮ ಪ್ರಮಾಣದ ಲೋಹವನ್ನು ಯಾವ ಗಂಟಲೂ ಗುರುತಿಸಲಾರದು. ಕಾವಲುಗಾರ ಮಲಗಿರುವ ಬಾಗಿಲಿನಲ್ಲಿಯೇ ಲೋಹ ಒಳಗೆ ಹೋಗುತ್ತದೆ.

2019ರ ಅಮೆರಿಕದ ದುರಂತವನ್ನೂ ಇಲ್ಲಿ ನೆನೆಯಬೇಕು. 2020ರ ಫೆಬ್ರವರಿಯವರೆಗೆ 2,807 ಮಂದಿ ಶ್ವಾಸಕೋಶದ ತೀವ್ರ ಹಾನಿಯಿಂದ ಆಸ್ಪತ್ರೆ ಸೇರಿದರು ಅಥವಾ ಸತ್ತರು, ಸತ್ತವರು 68. ಅದಕ್ಕೆ ಕಾಯಿಲು ಕಾರಣವಾಗಿರಲಿಲ್ಲ. ಹೆಚ್ಚಿನವರು ಸೇದಿದ್ದು ಗಾಂಜಾದ ಅಂಶವಿದ್ದ ದ್ರವವನ್ನು. ಅದನ್ನು ದಪ್ಪಗೊಳಿಸಲು ಯಾರೋ ವಿಟಮಿನ್ ‘ಇ’ ಅಸಿಟೇಟ್ ಬೆರೆಸಿ ನೋಡಿದ್ದರು. ನುಂಗಿದರೆ, ಚರ್ಮಕ್ಕೆ ಹಚ್ಚಿದರೆ ತೊಂದರೆ ಕೊಡದ ಪದಾರ್ಥವದು. ಕಾಸಿ ಉಸಿರಾಡಿದಾಗ ಶ್ವಾಸಕೋಶ ತಡೆಯಲಿಲ್ಲ. ‘ಒಲೆಗೆ ಹಾಕುವ ತಂತಿ ತಾನೇ’ ಎನ್ನುವವರಿಗೆ ಈ ಉದಾಹರಣೆ ಸಾಕು.

ಬೀಡಿಗಿಂತ ಇದು ಲೇಸಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. 2016–17ರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇಕಡಾ 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಬೆಟ್ಟದ ಹಾಡಿಗಳಲ್ಲಿ ಕೆಮ್ಮುತ್ತ ಕುಳಿತ ಹಿರಿಯರ ಎದೆಗೆ ಬೀಡಿ ಮಾಡಿದ ಹಾನಿಯ ಮುಂದೆ ವೇಪ್ ಇಂದಿಗೆ ಸಣ್ಣದೇ. ನಲವತ್ತು ವರ್ಷ ಬೀಡಿ ಸೇದಿದವನನ್ನು ಬಿಡಿಸಲು ವೇಪ್ ಕಡಿಮೆ ಕೆಟ್ಟದ್ದೆಂದು ಬ್ರಿಟನ್ನಿನ ವೈದ್ಯರು ಹೇಳುತ್ತಾರೆ. ಅದು ಅಲ್ಲಿಯ ವೈದ್ಯಕೀಯ ಚರ್ಚೆ. ಆದರೆ ಜಾಲರಿ ಕಾಯಿಲು ಸುತ್ತುವ ಹತ್ತೊಂಬತ್ತರ ವಿದ್ಯಾರ್ಥಿ ಯಾವ ಬೀಡಿಯನ್ನು ಬಿಡುತ್ತಿದ್ದಾನೆ? ಅಜ್ಜನ ಬೀಡಿಯನ್ನು ತೋರಿಸಿ ಮೊಮ್ಮಗನಿಗೆ ವೇಪ್ ಮಾರುವುದು ವ್ಯಾಪಾರದ ಜಾಣತನವೇ ಹೊರತು ಆರೋಗ್ಯದ ಕಾಳಜಿಯಲ್ಲ.

ಕಾನೂನು ಇದೆ. ಕರ್ನಾಟಕ ಸರ್ಕಾರ 2016ರಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿತು. ಕೇಂದ್ರವು 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಡಿಸೆಂಬರಿನಲ್ಲಿ ಅದನ್ನು ಕಾಯ್ದೆಯಾಗಿಸಿತು. ತಯಾರಿಕೆ, ಆಮದು, ಸಾಗಾಟ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ದಾಸ್ತಾನನ್ನು ಬಿಟ್ಟು ಉಳಿದವಕ್ಕೆ ಮೊದಲ ಬಾರಿಗೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ನಿಕೋಟಿನ್ ಇಲ್ಲದ ಸಾಧನಕ್ಕೂ ಇದು ಅನ್ವಯಿಸುತ್ತದೆ. ಬಿಡಿಭಾಗ ಮಾಡುವುದನ್ನೂ ಕಾಯ್ದೆ ‘ತಯಾರಿಕೆ’ಯೆಂದೇ ಕರೆಯುತ್ತದೆ, ಹಾಸ್ಟೆಲಿನ ಮಂಚದ ಮೇಲೆ ಕುಳಿತು ಗೆಳೆಯರಿಗೆ ಕಾಯಿಲು ಸುತ್ತಿಕೊಡುವವನು ಈ ಮಾತನ್ನು ಎರಡು ಬಾರಿ ಓದಬೇಕು.

ಆದರೆ ನಿಷೇಧದೊಂದಿಗೆ ತಮ್ಮ ಹೊಣೆ ಮುಗಿಯಿತೆಂದು ಭಾವಿಸಿದ ಸರ್ಕಾರಗಳನ್ನು ಕೇಳಬೇಕಾದ ಪ್ರಶ್ನೆ ಬೇರೆ. ಇ-ತ್ಯಾಜ್ಯದ ನಿಯಮಗಳೂ ಬ್ಯಾಟರಿ ತ್ಯಾಜ್ಯದ ನಿಯಮಗಳೂ 2022ರಲ್ಲಿ ಹೊಸದಾಗಿ ಬಂದವು. ಎರಡರ ತಿರುಳೂ ಒಂದೇ: ಮಾರಿದ ಕಂಪನಿಯೇ ತ್ಯಾಜ್ಯವನ್ನು ಹಿಂದಕ್ಕೆ ಪಡೆಯಬೇಕು. ಕಳ್ಳದಾರಿಯಲ್ಲಿ ಬಂದ ವೇಪಿಗೆ ಕಂಪನಿ ಯಾವುದು? ವಿಳಾಸ ಎಲ್ಲಿಯದು? ಕಾಗದದ ಮೇಲೆ ಇಲ್ಲದ ಈ ಸರಕಿನ ಕಸ ಬಂದು ಬೀಳುವುದು ಗ್ರಾಮ ಪಂಚಾಯಿತಿಯ ಗುಂಡಿಗೆ, ಇಲ್ಲವೇ ನೇರವಾಗಿ ಕಾಡಿಗೆ. ಮಾರಾಟ ಕಾನೂನುಬದ್ಧವಾಗಿದ್ದ ಬ್ರಿಟನ್ನೇ ಕಸದ ಹೊರೆ ತಾಳಲಾರದೆ 2025ರ ಜೂನ್ ಒಂದರಿಂದ ಬಳಸಿ ಎಸೆಯುವ ವೇಪುಗಳ ಮಾರಾಟ ನಿಲ್ಲಿಸಿತು.

ಬಿಳಿಗಿರಿರಂಗನ ಬೆಟ್ಟಕ್ಕೆ, ಭರಚುಕ್ಕಿಗೆ, ಮಹದೇಶ್ವರ ಬೆಟ್ಟಕ್ಕೆ ಬರುವ ವಾಹನಗಳ ಕಿಟಕಿಯಿಂದ ಈವರೆಗೆ ಬಿದ್ದದ್ದು ಪ್ಲಾಸ್ಟಿಕ್ ಬಾಟಲಿ. ಅದು ಕೊಳೆಯುವುದಿಲ್ಲ; ಆದರೆ ತಾನಾಗಿ ಹೊತ್ತಿಕೊಳ್ಳುವುದೂ ಇಲ್ಲ. ಜಜ್ಜಿಹೋದ ಲಿಥಿಯಂ ಸೆಲ್ಲು ಹೊತ್ತಿಕೊಳ್ಳಬಲ್ಲದು. ಫೆಬ್ರವರಿ, ಮಾರ್ಚಿನಲ್ಲಿ ಎಲೆಯುದುರಿದ ಕಾಡಿನ ಅಡಿಯಲ್ಲಿ ಲಂಟಾನದ ಪೊದೆ ಒಣಗಿ ನಿಂತಿರುವಾಗ ಒಂದು ಕಿಡಿಯ ಬೆಲೆ ಏನೆಂಬುದನ್ನು ನೆರೆಯ ಬಂಡೀಪುರ 2019ರಲ್ಲಿ ತೋರಿಸಿಕೊಟ್ಟಿತು. ಮಾದಪ್ಪನ ಬೆಟ್ಟದಲ್ಲಿ ಭಕ್ತರ ಕೈಚೀಲ ಕಿತ್ತುಕೊಳ್ಳುವ ಕೋತಿಗೆ ಮಾವಿನ ಪರಿಮಳದ ಸೀಸೆಗೂ ಮಾವಿನಹಣ್ಣಿಗೂ ಭೇದವೇನು?

ಆ ಸೀಸೆಯಲ್ಲಿರುವುದು ಒಂದು ಕಾಲದ ಕೀಟನಾಶಕ. ನಿಕೋಟಿನ್ ಸಲ್ಫೇಟನ್ನು ಬೆಳೆಗಳಿಗೆ ಸಿಂಪಡಿಸುತ್ತಿದ್ದರು. 1992ರಲ್ಲಿ ಕೇಂದ್ರ ಸರ್ಕಾರ ದೇಶದೊಳಗೆ ಅದರ ಬಳಕೆಯನ್ನು ನಿಷೇಧಿಸಿ, ರಫ್ತಿಗಾಗಿ ತಯಾರಿಸಲು ಮಾತ್ರ ಬಿಟ್ಟಿತು. ಹೊಲಕ್ಕೆ ಬೇಡವೆಂದ ವಿಷ ಹಣ್ಣಿನ ಚಿತ್ರ ಹೊತ್ತು ಹಾಸ್ಟೆಲಿಗೆ ಬಂದಿರುವುದನ್ನು ಪರಿಸರದ ಪ್ರಶ್ನೆಯಲ್ಲವೆಂದು, ಅದು ನಗರದ ಹುಡುಗರ ಚಟವೆಂದು ತಳ್ಳಿಹಾಕುವವರು ಚಳವಳಿಯ ಒಳಗೂ ಇದ್ದಾರೆ. ಎಂಡೋಸಲ್ಫಾನ್ ವಿರುದ್ಧ ದನಿಯೆತ್ತಿದವರಿಗೆ ಈ ಸಣ್ಣ ಸೀಸೆ ಕಾಣದಿರುವುದು ವಿಚಿತ್ರ.

ಕುತೂಹಲಕ್ಕೆ ಬೆಟ್ಟದಲ್ಲಿ ಕೆಲಸ ಕಡಿಮೆಯಿಲ್ಲ. ಕಾಡನ್ನು ನುಂಗುತ್ತಿರುವ ಲಂಟಾನದ ಕಡ್ಡಿಯನ್ನು ಬೇಯಿಸಿ, ತೊಗಟೆ ಸುಲಿದು, ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡುವುದನ್ನು ಮಹದೇಶ್ವರ ಬೆಟ್ಟದ ಸೋಲಿಗರು ಎಷ್ಟೋ ವರ್ಷಗಳಿಂದ ಮಾಡಿ ತೋರಿಸಿದ್ದಾರೆ. ತಂತಿಯನ್ನೇ ಸುತ್ತಬೇಕೆಂದಿದ್ದರೆ ಸುಟ್ಟ ಮೋಟಾರುಗಳು ಪ್ರತಿ ಊರಿನಲ್ಲಿಯೂ ಕಾದಿವೆ.

ಮುಂದಿನ ಗ್ರಾಮಸಭೆಗಳಲ್ಲಿ ಎತ್ತಬೇಕಾದ ಬೇಡಿಕೆಗಳು ದೊಡ್ಡವೇನಲ್ಲ. ತಾಳಬೆಟ್ಟದಲ್ಲಿಯೂ ಗುಂಬಳ್ಳಿಯ ಚೆಕ್‌ಪೋಸ್ಟಿನಲ್ಲಿಯೂ ಪ್ಲಾಸ್ಟಿಕ್ ತಪಾಸಣೆಯ ಜೊತೆಗೆ ವೇಪ್ ಮತ್ತು ಬಿಡಿ ಬ್ಯಾಟರಿಗಳ ತಪಾಸಣೆಯೂ ನಡೆಯಬೇಕು. ವಶಪಡಿಸಿಕೊಂಡದ್ದನ್ನು ಸುಡುವ ಬದಲು ಪರವಾನಗಿ ಪಡೆದ ಇ-ತ್ಯಾಜ್ಯ ಘಟಕಕ್ಕೆ ಜಿಲ್ಲಾಡಳಿತ ತನ್ನ ಖರ್ಚಿನಲ್ಲಿ ಸಾಗಿಸಬೇಕು. ಕಾಲೇಜುಗಳ ಭೌತಶಾಸ್ತ್ರದ ಪಾಠದಲ್ಲಿ ಓಮನ ನಿಯಮ ಬಂದ ದಿನ 0.2 ಓಮ್ ಕಾಯಿಲಿನ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿಸಬೇಕು. ಅಲ್ಲಿಯವರೆಗೆ ಯಾರಿಗಾದರೂ ಹೊಲದಲ್ಲೋ ದಾರಿಯಲ್ಲೋ ಇಂಥ ಸೆಲ್ಲು ಸಿಕ್ಕಿದರೆ ಅದನ್ನು ಚುಚ್ಚಬಾರದು, ಒಲೆಗೆ ಹಾಕಬಾರದು, ಮಕ್ಕಳ ಕೈಗೆ ಕೊಡಬಾರದು. ಎರಡೂ ತುದಿಗಳಿಗೆ ಟೇಪು ಅಂಟಿಸಿ, ಒಣ ಮರಳು ತುಂಬಿದ ಡಬ್ಬಿಯಲ್ಲಿ, ಮನೆಯಿಂದಲೂ ಹುಲ್ಲಿನ ಮೆದೆಯಿಂದಲೂ ದೂರವಾಗಿ ಇಡಬೇಕು. ಸೀಸೆಯಲ್ಲಿ ದ್ರವ ಉಳಿದಿದ್ದರೆ ಬರಿಗೈಯಲ್ಲಿ ಮುಟ್ಟಬಾರದು, ಹಳ್ಳಕ್ಕಂತೂ ಸುರಿಯಲೇಬಾರದು. ಹುಳು ಸಾಕುವ ಮನೆಯ ಹತ್ತಿರಕ್ಕೆ ಅದನ್ನು ತರಬಾರದೆಂದು ಈ ಸೀಮೆಯವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.