ಹೆಬ್ಬೆಟ್ಟು ಬಿಚ್ಚಿದ ಗುಟ್ಟು

ದೊಡ್ಡ ಮನೆತನಗಳ ಗುಟ್ಟು ರಟ್ಟು ಮಾಡೋ ಪತ್ತೇದಾರಿ ಕಾದಂಬರಿಗಳಲ್ಲಿ ಗುಟ್ಟು ಅಂದರೆ ಏನು? ಬಚ್ಚಿಟ್ಟ ಉಯಿಲು, ಹೂತಿಟ್ಟ ಒಡವೆ, ಕಾಣೆಯಾದ ವಾರಸುದಾರ. ಕೊನೇ ಪುಟದಲ್ಲಿ ಆಸ್ತಿ 'ಸರಿಯಾದ ರಕ್ತ'ಕ್ಕೆ ಸೇರುತ್ತದೆ. ಓದಿದ ನಾವೂ ನೆಮ್ಮದಿಯಾಗಿ ದೀಪ ಆರಿಸಿ ಮಲಗುತ್ತೇವೆ. ಗೆಳೆಯರೇ, ಆ ನೆಮ್ಮದಿಯನ್ನೇ ಕಿತ್ತುಕೊಳ್ಳುವ ಕಾದಂಬರಿ ಒಂದಿದೆ. ಅಮೆರಿಕದ ಮಾರ್ಕ್ ಟ್ವೈನ್ ಬರೆದದ್ದು, 1894ರಲ್ಲಿ ಪುಸ್ತಕವಾಗಿ ಬಂದದ್ದು: 'ಪುಡ್ಡನ್‌ಹೆಡ್ ವಿಲ್ಸನ್'.

ಮಿಸ್ಸಿಸಿಪ್ಪಿ ನದಿ ದಂಡೆಯ ಒಂದು ಊರು. ಗುಲಾಮಗಿರಿ ಇನ್ನೂ ಕಾನೂನಾಗಿದ್ದ ಕಾಲ. ರಾಕ್ಸಿ ನೋಡೋಕೆ ಬಿಳಿಯಳೇ; ಅವಳಲ್ಲಿ ಹದಿನಾರರಲ್ಲಿ ಒಂದು ಪಾಲು ಮಾತ್ರ ಕರಿಯರ ರಕ್ತ. ಅವಳ ಮಗನಿಗೆ ಮೂವತ್ತೆರಡರಲ್ಲಿ ಒಂದು ಪಾಲು. ಅಪ್ಪ ಊರಿನ ಗಣ್ಯ ಬಿಳಿಯ. ಆದರೂ ಮಗು ಗುಲಾಮ. ಯಾಕೆಂದರೆ ತಾಯಿ ಗುಲಾಮಳಾದರೆ ಮಗುವೂ ಗುಲಾಮ ಅಂತ ವರ್ಜೀನಿಯಾದ ಬಿಳಿಯರು 1662ರಲ್ಲೇ ಕಾನೂನು ಮಾಡಿಟ್ಟಿದ್ದರು. ಅಪ್ಪಂದಿರನ್ನು ಬಚ್ಚಿಡೋಕೆ ಇದಕ್ಕಿಂತ ಒಳ್ಳೇ ಪೆಟ್ಟಿಗೆ ಬೇಕೆ?

ಮಗುವನ್ನು ಎಲ್ಲಿ ನದಿಯ ಕೆಳಗಿನ ತೋಟಗಳಿಗೆ ಮಾರಿಬಿಡುತ್ತಾರೋ ಅಂತ ಹೆದರಿದ ರಾಕ್ಸಿ ದಣಿಯ ಮಗುವಿನ ಬಟ್ಟೆ ತನ್ನ ಮಗುವಿಗೆ ತೊಡಿಸಿ, ತೊಟ್ಟಿಲು ಬದಲಾಯಿಸುತ್ತಾಳೆ. ಹೆತ್ತ ಅಪ್ಪನಿಗೇ ಗುರುತು ಸಿಗಲ್ಲ! ಕುಲ ಅನ್ನೋದು ಒಂದು ಅಂಗಿಯಷ್ಟೇ ದಪ್ಪ.

ಅವಳ ಮಗ ಟಾಮ್ ದಣಿಯಾಗಿ ಬೆಳೆದು ಹೊಡೆಯುತ್ತಾನೆ, ಜೂಜಾಡುತ್ತಾನೆ, ಕೊನೆಗೆ ತಾಯಿಯನ್ನೇ ಮಾರುತ್ತಾನೆ. ಅವನ ಹೇಡಿತನ ಕರಿ ರಕ್ತದ್ದು ಅಂತ ರಾಕ್ಸಿಯ ಬಾಯಲ್ಲೇ ಬರುತ್ತದೆ. ತುಳಿದವರ ಮಾತು ತುಳಿತಕ್ಕೆ ಸಿಕ್ಕವರ ನಾಲಗೆ ಮೇಲೆ ಹೇಗೆ ಕೂರುತ್ತೆ ಅಂತ ನಮಗೆ ಗೊತ್ತಿಲ್ಲವೇ? ದಣಿಯಂತೆ ಬೆಳೆಸಿದರು, ದಣಿಯಾದ. ಟ್ವೈನ್ ಇದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು ಅಂತ ನನ್ನ ತಕರಾರು.

ಮುಂದೆ ಒಂದು ಕೊಲೆ. ಊರವರು ಪೆದ್ದ ಅಂತ ಹೆಸರಿಟ್ಟ ವಕೀಲ ವಿಲ್ಸನ್, ತಾನು ಗಾಜಿನ ಮೇಲೆ ಹಿಡಿದಿಟ್ಟ ಬೆರಳಚ್ಚುಗಳಿಂದ ಕೊಲೆಗಾರನನ್ನೂ ತೊಟ್ಟಿಲ ಗುಟ್ಟನ್ನೂ ಬಯಲಿಗೆಳೆಯುತ್ತಾನೆ. ನಮ್ಮಲ್ಲಿ ಹೆಬ್ಬೆಟ್ಟು ಅನ್ನೋದು ಓದು ಬಾರದವರಿಗೆ ಬೈಗುಳ. ಸಾಹುಕಾರನ ಕಾಗದಕ್ಕೆ ನಮ್ಮ ಅಪ್ಪ ತಾತಂದಿರು ಒತ್ತಿದ್ದು ಅದನ್ನೇ. 1858ರಲ್ಲಿ ಬಂಗಾಳದಲ್ಲಿ ಹರ್ಷೆಲ್ ಅನ್ನೋ ಇಂಗ್ಲಿಷ್ ಅಧಿಕಾರಿ ಗುತ್ತಿಗೆದಾರನ ಅಂಗೈ ಅಚ್ಚು ಒತ್ತಿಸಿಕೊಂಡದ್ದೂ ಅವನು ಮಾತಿಗೆ ತಪ್ಪದಂತೆ ಕಟ್ಟಿಹಾಕೋಕೇ. ಬೆರಳು ಸುಳ್ಳು ಹೇಳಲ್ಲ, ನಿಜ. ಕೊಂದವನು ಯಾರು ಅಂತ ಹೇಳುತ್ತೆ. ಆದರೆ ಗುಲಾಮ ಯಾರು ಅಂತ ಯಾವ ಬೆರಳಲ್ಲೂ ಬರೆದಿಲ್ಲ. ಅದನ್ನು ಬರೆದದ್ದು ಕಾನೂನು.

ಟಾಮ್‌ಗೆ ಜೀವಾವಧಿ ಶಿಕ್ಷೆ ಆಗುತ್ತೆ. ಸಾಲಗಾರರು ತಕರಾರು ತೆಗೀತಾರೆ: ಇವನು ಮನುಷ್ಯನಲ್ಲ, ಆಸ್ತಿ, ಜೈಲಲ್ಲಿಟ್ಟರೆ ನಮಗೆ ನಷ್ಟ. ಸರ್ಕಾರ ಕ್ಷಮಾದಾನ ಕೊಡುತ್ತದೆ, ಸಾಲಗಾರರು ಅವನನ್ನು ನದಿಯ ಕೆಳಗೆ ಮಾರುತ್ತಾರೆ. ಅಸಲಿ ವಾರಸುದಾರನಿಗೆ ಆಸ್ತಿ ಬಂತು; ಓದು ಬರಲಿಲ್ಲ, ನುಡಿ ಬದಲಾಗಲಿಲ್ಲ. ಬಿಳಿಯರ ಪಡಸಾಲೆ ಕಂಡರೆ ಅವನಿಗೆ ನಡುಕ. ನೆಮ್ಮದಿ ಇರೋದು ಅಡುಗೆಮನೆಯಲ್ಲಿ.

ಪುಸ್ತಕ ಸಿಕ್ಕರೆ ಬಿಡಬೇಡಿ. ರಾಕ್ಸಿ ಆಡೋದು ಅಲ್ಲಿನ ಕರಿಯರ ಆಡುಮಾತು, ಮೊದಲು ತೊಡಕಾದೀತು. ನಾಲ್ಕು ಜನ ಕೂತು ಆ ಕೋರ್ಟಿನ ಅಧ್ಯಾಯ ಗಟ್ಟಿಯಾಗಿ ಓದಿ. ಯಾರು ಎಲ್ಲಿ ಚಪ್ಪಾಳೆ ತಟ್ಟುತ್ತಾರೆ, ನೋಡಿ.